ಸೋದರಮಾವ ಅಂದ್ರೆ ಕಾಗದದ ಮೇಲೆ ಯಾರೂ ಅಲ್ವಾ?

ತುಮಕೂರು ಮಾವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನ್ನ ತಂಗಿ 2021ರ ಮೇ ತಿಂಗಳಲ್ಲಿ ಕೋವಿಡ್ ಬಂದು ಹೋದಳು. ಅವಳ ಗಂಡ ಅದಕ್ಕೂ ಮೂರು ವರ್ಷ ಮುಂಚೆ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ರು. ಆಗ ಆರು ವರ್ಷದ ಮಗು, ಈಗ ಹನ್ನೊಂದು. ಅವತ್ತಿಂದ ನಮ್ಮ ಮನೇಲೇ ಬೆಳೀತಿದಾಳೆ. ರಾತ್ರಿ ನಮ್ಮಮ್ಮನ ಸೀರೆ ಸೆರಗು ಬೆರಳಿಗೆ ಸುತ್ತಿಕೊಂಡ್ರೇನೇ ನಿದ್ದೆ. ನನ್ನ ಮಗನ ಜೊತೆ ದಿನಕ್ಕೆ ನಾಲ್ಕು ಸಲ ಜಗಳ. ಅಂದ್ರೆ ನಮ್ಮ ಮನೆ ಮಗಳೇ.

ಕಳೆದ ತಿಂಗಳು ತಂಗಿ ಮಗು ಹೆಸರಲ್ಲಿ ಇಟ್ಟಿದ್ದ ಎಫ್‌ಡಿ ಅವಧಿ ಮುಗೀತು. ಬ್ಯಾಂಕಿಗೆ ಹೋದೆ. ಕೌಂಟರಲ್ಲಿದ್ದ ಹುಡುಗ ಫಾರಂ ನೋಡಿ, 'ತಾವು ಮಗುವಿಗೆ ಏನಾಗ್ಬೇಕು ಸಾರ್?' ಅಂದ. ಸೋದರಮಾವ ಅಂದೆ. 'ಅದಲ್ಲ ಸಾರ್, ಗಾರ್ಡಿಯನ್ ಯಾರು?' ನಾನೇ ಅಂದೆ. 'ಆರ್ಡರ್ ಇದೆಯಾ?'

ಆರ್ಡರ್! ಕಿವಿ ಚುಚ್ಚಿಸುವಾಗ ತೊಡೆ ಮೇಲೆ ಕೂರಿಸ್ಕೊಂಡವನು ನಾನು. ನಾಳೆ ಮದುವೆಯಲ್ಲಿ ಹಸೆಮಣೆಗೆ ಕರ್ಕೊಂಡು ಬರೋನೂ ನಾನೇ. ಅದಕ್ಕೆಲ್ಲ ಯಾರೂ ಆರ್ಡರ್ ಕೇಳಲಿಲ್ಲ.

ಇನ್ನೊಂದು ವಿಷಯ. ತಿಪಟೂರು ತಾಲ್ಲೂಕಲ್ಲಿ ಅವರಪ್ಪನ ಪಾಲಿಗೆ ಬಂದ 1 ಎಕರೆ 12 ಗುಂಟೆ ತೆಂಗಿನ ತೋಟ ಇದೆ. ಪೌತಿ ಖಾತೆ ಆಗಿ ಮಗು ಹೆಸರಿಗೇ ಬಂದಿದೆ. ಅವಳ ದೊಡ್ಡಪ್ಪ ನೋಡ್ಕೋತಿದ್ದಾರೆ. ಕೆಟ್ಟವರಲ್ಲ, ಬೇಸಿಗೇಲಿ ಟ್ಯಾಂಕರ್ ತರಿಸಿ ಮರ ಉಳಿಸಿದ್ದು ಅವರೇ. ಹೋದ ವಾರ ಫೋನ್ ಮಾಡಿ, 'ಬೆಂಗಳೂರಿನ ಪಾರ್ಟಿ ಬಂದಿದೆ, ಒಳ್ಳೆ ರೇಟು, ನೀನೊಂದು ಸೈನು, ನಾನೊಂದು ಸೈನು, ದುಡ್ಡು ಹುಡುಗಿ ಹೆಸರಲ್ಲೇ ಹಾಕೋಣ' ಅಂದ್ರು.

ಪ್ರಶ್ನೆ ಎರಡು. ನಮ್ಮ ಮಗುನ ಸಾಕೋಕೆ ನಾವು ಕೋರ್ಟಿಗೆ ಅರ್ಜಿ ಹಾಕ್ಬೇಕಾ? ಮತ್ತೆ, ಆ ಸೈನಿಗೆ ಬೆಲೆ ಇದೆಯಾ?

ಶಿವಮೊಗ್ಗ ವಕೀಲಮ್ಮ

ಎರಡನೇದಕ್ಕೆ ಮೊದಲು ಉತ್ತರ ಕೊಡ್ತೀನಿ, ಯಾಕಂದ್ರೆ ಅದು ಅರ್ಜೆಂಟು. ಸೈನ್ ಹಾಕಬೇಡಿ. ನೀವೂ ಹಾಕಬೇಡಿ, ಅವರಿಗೂ ಹಾಕೋಕೆ ಬಿಡಬೇಡಿ.

1956ರ ಹಿಂದೂ ಮೈನಾರಿಟಿ (18 ತುಂಬದ ವಯಸ್ಸು) ಅಂಡ್ ಗಾರ್ಡಿಯನ್‌ಶಿಪ್ ಕಾಯ್ದೆ 6ನೇ ಸೆಕ್ಷನ್ ಓದಿದರೆ ಸಹಜ ಪಾಲಕರು ಅಂತ ಸಿಗೋದು ತಂದೆ, ಆತನ ನಂತರ ತಾಯಿ. (ಮದುವೆಯಾದ ಅಪ್ರಾಪ್ತ ಹುಡುಗಿಗೆ ಗಂಡನೇ ಪಾಲಕ ಅಂತ ಒಂದು ಸಾಲು ಇನ್ನೂ ಅಲ್ಲಿ ಕೂತಿದೆ. ನಾಚಿಕೆಗೇಡು.) ಅಲ್ಲಿಗೆ ಪಟ್ಟಿ ಮುಗೀತು. ಅಜ್ಜಿ ಇಲ್ಲ, ದೊಡ್ಡಪ್ಪ ಇಲ್ಲ, ಸೋದರಮಾವ ಇಲ್ಲ. ನೀವೆಲ್ಲ ಕಾನೂನಿನ ಭಾಷೆಯಲ್ಲಿ 'ಡಿ ಫ್ಯಾಕ್ಟೋ' ಪಾಲಕರು. ಕನ್ನಡದಲ್ಲಿ ಹೇಳ್ಬೇಕಂದ್ರೆ, ಸಾಕ್ತಿರೋರು. ಅಂಥವರು ಬರೀ ಸಾಕ್ತಿದ್ದೀವಿ ಅನ್ನೋ ಕಾರಣಕ್ಕೆ ಮಗುವಿನ ಆಸ್ತಿ ಮಾರೋ ಹಾಗಿಲ್ಲ ಅಂತ 11ನೇ ಸೆಕ್ಷನ್ ಹೇಳುತ್ತೆ.

ತಂದೆ ತಾಯಿ ಬದುಕಿದ್ದರೂ ಪೂರ್ತಿ ಸ್ವಾತಂತ್ರ್ಯ ಇಲ್ಲ. ಮಗುವಿನ ಸ್ಥಿರಾಸ್ತಿಯನ್ನು ಮಾರೋಕೆ, ಅಡ ಇಡೋಕೆ, ದಾನ ಕೊಡೋಕೆ, ಐದು ವರ್ಷಕ್ಕಿಂತ ಹೆಚ್ಚಿಗೆ ಗುತ್ತಿಗೆ ಕೊಡೋಕೆ ಮೊದಲು ಕೋರ್ಟಿನ ಅನುಮತಿ ಬೇಕು. ಅದು 8ನೇ ಸೆಕ್ಷನ್.

ಹೆಚ್ಚಿನ ವಿವರ ಸಂಜೆ. ಕೋರ್ಟಿಗೆ ಹೊರಟಿದ್ದೀನಿ.

ಕುಂದಾಪ್ರ ಕಡಲು

ಮಾವ, ನೀವು ಹುಟ್ಟಿದ ಊರು ತಪ್ಪಾಯ್ತು ಮಾರಾಯ್ರೆ 😄 ನಮ್ಮ ಕಡೆ ಹಿಂದೆ ಅಳಿಯಕಟ್ಟಿನಲ್ಲಿ ಸೋದರಮಾವನೇ ಯಜಮಾನ ಆಗಿದ್ದ. ಆಸ್ತಿ ತಾಯಿ ಕಡೆಯಿಂದ ಇಳಿಯುತ್ತಿತ್ತು, ನೋಡಿಕೊಳ್ಳುತ್ತಿದ್ದದ್ದು ಮಾವ. ಅಪ್ಪ ಬಂದು ಹೋಗುವ ನೆಂಟ ಅಷ್ಟೇ. ನಮ್ಮ ಅಜ್ಜಿ ಕಾಲಕ್ಕೆ 'ಗಾರ್ಡಿಯನ್ ಯಾರು' ಅಂತ ಕೇಳಿದ್ರೆ ನಗಾಡುತ್ತಿದ್ರು.

ಗಂಭೀರವಾಗಿ ಹೇಳುವುದಾದ್ರೆ, ಕೋರ್ಟಿಗೆ ಹೋದರೆ ಎರಡು ಮನೆ ಸಂಬಂಧ ಹಾಳು. ಊರಲ್ಲಿ ನಾಲ್ಕು ಜನ ಹಿರಿಯರನ್ನು ಕೂರಿಸಿ ಒಂದು ಕಾಗದ ಮಾಡಿಕೊಳ್ಳಿ. ಮಗು ನಿಮ್ಮದು, ಸರ್ಕಾರದ್ದಲ್ಲ.

ಹಳೇ ಗುಮಾಸ್ತ

ಕಡಲು ಅವರೇ, ನಾನು ಮೂವತ್ತೆರಡು ವರ್ಷ ಕೋರ್ಟಿನಲ್ಲಿ ಕಡತ ಕಟ್ಟಿದವನು, ಶಿರಸ್ತೇದಾರನಾಗಿ ನಿವೃತ್ತ. ಅದರಲ್ಲಿ ನಾಲ್ಕು ವರ್ಷ ತಮ್ಮ ಕರಾವಳಿಯಲ್ಲೇ ಇದ್ದೆ. ಯಜಮಾನ ಮಾವಂದಿರ ಮೇಲೆ ಅಳಿಯಂದಿರು ಹೂಡಿದ ದಾವೆಗಳ ಕಟ್ಟು ಒಂದು ಬೀರು ತುಂಬ ಇತ್ತು. ಸಂಬಂಧ ಹಾಳಾಗಲು ಕೋರ್ಟೇ ಬೇಕೆಂದಿಲ್ಲ.

ಹಿರಿಯರ ಕಾಗದ ಮಾಡಿಕೊಳ್ಳಿ ಎನ್ನುತ್ತೀರಿ. ಅದರ ಮೇಲೆ ಮಗುವಿನ ಸಹಿ ಇರುವುದಿಲ್ಲವಲ್ಲ. ಯಾರ ಆಸ್ತಿಯೋ ಅವರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಒಪ್ಪಿದ ಕಾಗದ ಅದು.

ಹುಬ್ಬಳ್ಳಿ ಮಂದಿ

ನಮ್ಮ ಕಡೆ ಹಳೇ ಉತಾರದಾಗ, ಅಂದ್ರ ಪಹಣಿಯಾಗ, ಸಣ್ಣ ಮಕ್ಕಳ ಹೆಸರಿನ ಮುಂದ 'ಅ.ಪಾ.ಕ. ತಾಯಿ' ಇಲ್ಲಾಂದ್ರ 'ಅ.ಪಾ.ಕ. ಕಾಕಾ' ಅಂತ ಬರದಿರ್ತದ ನೋಡ್ರಿ. ಅಜ್ಞಾನ ಪಾಲನ ಕರ್ತಾ. ಅಜ್ಞಾನ ಅಂದ್ರ ಮೈನರ್. ಸಣ್ಣಾಂವ ಇದ್ದಾಗ ನಾ ಓದಿ, ನಮ್ಮ ಕಾಕಾ ಅಜ್ಞಾನಿ ಅಂತ ಬರದಾರೇನೋ ಅಂದ್ಕೊಂಡಿದ್ದೆ. ಇಷ್ಟ ವಿಷಯ. ಮುಂದುವರಸ್ರಿ.

ಬೆಂಗಳೂರು ಒಂಟಿ ಅಮ್ಮ

'ತಂದೆ, ಆತನ ನಂತರ ತಾಯಿ.' ಈ 'ನಂತರ' ಅನ್ನೋ ಒಂದು ಪದ ನನ್ನ ಬಿಪಿ ಏರಿಸುತ್ತೆ. ನಾನು ಡೈವೋರ್ಸಿ. ಮಗ ಎರಡು ವರ್ಷದವನಿದ್ದಾಗಿಂದ ನನ್ನ ಹತ್ರ. ಒಂದು ಶಾಲೆಯವರು ಅಡ್ಮಿಷನ್ ಫಾರಂನಲ್ಲಿ ತಂದೆ ಸಹಿ ಖಾಲಿ ಇದೆ ಅಂತ ಮೂರು ಸಲ ವಾಪಸ್ ಕಳಿಸಿದ್ರು. ಮೂರನೇ ಸಲ ಆ ಜಾಗದಲ್ಲಿ ನಾನೇ ಸಹಿ ಹಾಕಿ, ಕೆಳಗೆ 'ತಂದೆಯೂ ನಾನೇ' ಅಂತ ಬರೆದು ಕೊಟ್ಟೆ. ತಗೊಂಡ್ರು!

ಗೀತಾ ಹರಿಹರನ್ ಕೇಸ್ ಕೇಳಿರ್ತೀರಿ. ಮಗನ ಹೆಸರಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳೋಕೆ ಹೋದ್ರೆ, ತಂದೆ ಸಹಿ ತನ್ನಿ ಅಂದಿದ್ರು. ಅವರು ಸುಪ್ರೀಂ ಕೋರ್ಟಿಗೆ ಹೋದ್ರು. 'ನಂತರ' ಅಂದ್ರೆ ತಂದೆ ಸತ್ತ ನಂತರ ಅಂತಲೇ ಅಲ್ಲ, ತಂದೆ ಇಲ್ಲದ ಸಂದರ್ಭ, ಅಂದ್ರೆ ಆತ ಗಮನ ಕೊಡದೆ ಇದ್ದರೂ ತಾಯಿಯೇ ಸಹಜ ಪಾಲಕಿ ಅಂತ 1999ರಲ್ಲಿ ತೀರ್ಪು ಬಂತು. ಖುಷಿನೇ. ಆದ್ರೆ ಆ ಪದ ತೆಗೆದುಹಾಕಲಿಲ್ಲ ನೋಡಿ, ಅರ್ಥ ಮಾತ್ರ ಹಿಗ್ಗಿಸಿದ್ರು. ಕಾಯ್ದೆ ಪುಸ್ತಕದಲ್ಲಿ ಇವತ್ತಿಗೂ ನಾವು 'ನಂತರ'ನೇ.

ಹಳೇ ಗುಮಾಸ್ತ

ತಾಯಿ, ಇದಕ್ಕೆ ನಮ್ಮ ಮೈಸೂರಿನ ಒಂದು ಸಂಗತಿ ನೆನಪಾಯಿತು. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ನಾಲ್ವಡಿಯವರಿಗೆ ಹತ್ತು ವರ್ಷ. ಅವರು ವಯಸ್ಸಿಗೆ ಬರುವವರೆಗೆ, 1902ರ ತನಕ, ಅವರ ತಾಯಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ (ಮಗನ ಪರವಾಗಿ ಆಳುವವರು) ಆಗಿ ಸಂಸ್ಥಾನವನ್ನೇ ನಡೆಸಿದರು. ಅದಕ್ಕೂ ಹಿಂದೆ ಚಾಮರಾಜೇಂದ್ರರೇ ಬಾಲಕರಾಗಿದ್ದಾಗ ಬ್ರಿಟಿಷ್ ಸರ್ಕಾರ ಮ್ಯಾಲೆಸನ್ ಎಂಬ ಸೇನಾಧಿಕಾರಿಯನ್ನು ಅವರಿಗೆ ಗಾರ್ಡಿಯನ್ ಎಂದು ನೇಮಿಸಿತ್ತು. ಅಂದರೆ ಅರಸು ಮಗುವಿನ ಪಾಲಕ ಯಾರು ಎಂಬುದನ್ನೂ ಮೇಲಿನ ಸರ್ಕಾರವೇ ನಿರ್ಧರಿಸುತ್ತಿತ್ತು.

ಒಬ್ಬ ತಾಯಿ ಒಂದು ಸಂಸ್ಥಾನ ನಡೆಸಿ ಅರ್ಧ ಶತಮಾನ ಕಳೆದ ಮೇಲೆ ಬರೆದ ಕಾಯ್ದೆಯಲ್ಲಿ ತಾಯಿಗೆ ಎರಡನೇ ಜಾಗ.

ಶಿವಮೊಗ್ಗ ವಕೀಲಮ್ಮ

ಬಂದೆ. ಮಾವ ಅವರ ಮೊದಲ ಪ್ರಶ್ನೆಗೆ.

ಸಾಕೋಕೆ ಯಾರ ಅನುಮತಿಯೂ ಬೇಡ. ಅನ್ನ ಹಾಕಿ, ಶಾಲೆಗೆ ಕಳಿಸಿ, ಜ್ವರ ಬಂದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಆದರೆ ಮಗುವಿನ ಪರವಾಗಿ ಸಹಿ ಹಾಕಿ ಮೂರನೆಯವರನ್ನು ಕಟ್ಟಿಹಾಕೋ ಅಧಿಕಾರ ಬೇಕಂದ್ರೆ ಆರ್ಡರ್ ಬೇಕು. ಅದಕ್ಕೆ ಇರೋದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಇದು ಎಲ್ಲ ಧರ್ಮದವರಿಗೂ ಅನ್ವಯ. ಕೋರ್ಟಲ್ಲಿ ನಾವು 'ಜಿ ಅಂಡ್ ಡಬ್ಲ್ಯೂ' ಅಂತೀವಿ.

ಅರ್ಜಿ ಎಲ್ಲಿ ಹಾಕ್ಬೇಕು ಅನ್ನೋದರಲ್ಲೇ ಬಹಳ ಜನ ಎಡವೋದು. ಮಗುವಿನ ಪಾಲನೆಗೆ ಸಂಬಂಧಿಸಿದ್ದು ಮಗು ಎಲ್ಲಿ ವಾಸ ಇದೆಯೋ ಅಲ್ಲಿನ ಫ್ಯಾಮಿಲಿ ಕೋರ್ಟಿಗೆ. ಆಸ್ತಿಯ ಗಾರ್ಡಿಯನ್ ಆಗ್ಬೇಕಂದ್ರೆ ಜಿಲ್ಲಾ ನ್ಯಾಯಾಲಯಕ್ಕೆ. ತೋಟ, ವಾಸ ಎರಡೂ ತುಮಕೂರು ಜಿಲ್ಲೆಯಲ್ಲೇ ಇರೋದ್ರಿಂದ ನಿಮಗೆ ಓಡಾಟ ಕಡಿಮೆ.

ಗಾರ್ಡಿಯನ್ ಆಗೋಕೆ ಒಪ್ಪಿಗೆ ಇದೆ ಅಂತ ನೀವು ಬರೆದುಕೊಟ್ಟು, ಇಬ್ಬರು ಸಾಕ್ಷಿ ಸಹಿ ಹಾಕಬೇಕು. ದೊಡ್ಡಪ್ಪನಿಗೆ ನೋಟಿಸ್ ಹೋಗುತ್ತೆ. ಪೇಪರಲ್ಲಿ ಪ್ರಕಟಣೆ ಕೊಡೋಕೂ ಹೇಳಬಹುದು. ಯಾರ ಹಕ್ಕು ದೊಡ್ಡದು ಅಂತ ಜಡ್ಜ್ ತೂಗೋದಿಲ್ಲ, ಮಗುವಿನ ಹಿತ ಎಲ್ಲಿದೆ ಅಂತ ನೋಡ್ತಾರೆ. ಮಗುವಿನ ವಯಸ್ಸು, ನಿಮ್ಮ ನಡತೆ, ಸಂಬಂಧ ಎಷ್ಟು ಹತ್ತಿರ, ಸತ್ತ ತಂದೆ ತಾಯಿ ಏನಾದ್ರೂ ಇಚ್ಛೆ ಹೇಳಿದ್ರಾ, ಎಲ್ಲವೂ ಲೆಕ್ಕಕ್ಕೆ ಬರುತ್ತೆ. ಹನ್ನೊಂದು ವರ್ಷದ ಮಗುವಿನ ಮಾತನ್ನೂ ಕೇಳಬಹುದು. 2022ರಲ್ಲಿ ಸುಪ್ರೀಂ ಕೋರ್ಟು ಕೋವಿಡ್‌ನಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳ್ಕೊಂಡ ಹುಡುಗನನ್ನು ತಂದೆಯ ಅಪ್ಪ ಅಮ್ಮನ ಜೊತೆ ಬಿಡ್ತು. ಹುಡುಗನನ್ನು ತನಗೆ ಕೊಡಿ ಅಂದಿದ್ದ ಚಿಕ್ಕಮ್ಮನಿಗೆ ಸಂಬಳ ಇದೆ, ಅಜ್ಜ ಅಜ್ಜಿಗೆ ವಯಸ್ಸಾಗಿದೆ ಅನ್ನೋದನ್ನೇ ಅಳತೆಗೋಲು ಮಾಡಲಿಲ್ಲ.

ಆರ್ಡರ್ ಸಿಕ್ಕ ಮೇಲೂ ತೋಟ ಮಾರೋ ಹಾಗಿಲ್ಲ, ಅದಕ್ಕೆ ಬೇರೆ ಅನುಮತಿ. ಬಾಂಡ್ ಬರೆಸ್ಕೋಬಹುದು, ಆಸ್ತಿ ಪಟ್ಟಿ ಕೊಡಿ, ವರ್ಷ ವರ್ಷ ಲೆಕ್ಕ ಒಪ್ಪಿಸಿ ಅನ್ನಬಹುದು.

ತುಮಕೂರು ಮಾವ

ಮೇಡಂ, ಧನ್ಯವಾದ. ಆದ್ರೆ ಓದ್ತಾ ಓದ್ತಾ ಮೈ ಉರೀತು, ಕ್ಷಮಿಸಿ. ಐದು ವರ್ಷದಿಂದ ನಾನು ಯಾರಿಗೂ ಲೆಕ್ಕ ಕೊಟ್ಟಿಲ್ಲ, ಯಾರೂ ಕೇಳಿಲ್ಲ. ಈಗ ಪೇಪರಲ್ಲಿ ಹಾಕಿಸ್ಬೇಕು, ನಡತೆ ನೋಡ್ತಾರೆ, ಲೆಕ್ಕ ಒಪ್ಪಿಸ್ಬೇಕು. ನಾನೇನು ಕಳ್ಳನಾ? ಅವಳಿಗೆ ಟೈಫಾಯ್ಡ್ ಆದಾಗ ಸರ್ಕಾರ ಬಂದು ಹಣೆ ಮೇಲೆ ಒದ್ದೆ ಬಟ್ಟೆ ಹಾಕ್ತಾ?

ಕುಂದಾಪ್ರ ಕಡಲು

ಇದೇ ನಾನು ಹೇಳಿದ್ದು.

ಬಯಲುಸೀಮೆ ಅಕ್ಕ

ನಾನು ಒಂದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಮೂರು ವರ್ಷ ಸದಸ್ಯೆ ಆಗಿದ್ದೆ. ಊರು ಹೇಳಲ್ಲ. ಸರ್ಕಾರ ಮನೆಯೊಳಗೆ ಬರೋದು ಅಂದ್ರೆ ಏನು ಅಂತ ಆ ಕಡೆ ಕುರ್ಚಿಯಿಂದ ನೋಡಿದ್ದೀನಿ.

ಸಮಿತಿ ಅಂದ್ರೆ ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ನಮಗೆ ಮ್ಯಾಜಿಸ್ಟ್ರೇಟ್ ಅಧಿಕಾರ. ದಿಕ್ಕಿಲ್ಲದ ಮಗು ಸಿಕ್ಕರೆ 24 ಗಂಟೆಯೊಳಗೆ ನಮ್ಮ ಮುಂದೆ ತರಬೇಕು. ಬಹಳಷ್ಟು ದಿನ ಕೆಲಸ ಸರಳ. ಬಸ್‌ಸ್ಟ್ಯಾಂಡಲ್ಲಿ ಸಿಕ್ಕ ಹುಡುಗ, ಮನೆ ಬಿಟ್ಟು ಓಡಿಬಂದವನು, ಅಪ್ಪನಿಗೆ ಫೋನು, ಅಳು, ಸಹಿ, ಮನೆಗೆ.

ಒಂದು ದಿನ ಮಾತ್ರ ಮರೆಯಲ್ಲ. ಮಕ್ಕಳಿಲ್ಲದ ದಂಪತಿ, ಹೊಲಿಗೆ ಕೆಲಸ. ಯಾರೋ ಬಡವಿ ಹೆತ್ತ ಕೂಸನ್ನು ಹೆರಿಗೆಯಾದ ಮೂರನೇ ದಿನವೇ ಕೈಗೆ ಹಾಕಿಸ್ಕೊಂಡು ತಂದಿದ್ರು. ಮಧ್ಯದಲ್ಲಿ ಒಬ್ಬ ದುಡ್ಡು ಹೊಡೆದಿದ್ದ. ಒಂದೂವರೆ ವರ್ಷ ಸಾಕಿದ್ರು. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ರು. ಮಗುವನ್ನು ನಮ್ಮ ಮುಂದೆ ತಂದಾಗ ಆಯಮ್ಮ ಹೊಲಿದಿದ್ದ ಹಳದಿ ಫ್ರಾಕು, ಅಂಚಿಗೆ ಕಪ್ಪು ದಾರದ ಪುಟ್ಟ ಪುಟ್ಟ ಹೊಲಿಗೆ. ದತ್ತು ಅಲ್ಲ ಅದು, ಕಾನೂನಲ್ಲಿ ಅದಕ್ಕೆ ಮಾರಾಟ ಅಂತಾರೆ, ಐದು ವರ್ಷದವರೆಗೆ ಜೈಲು. ಮಗುವನ್ನು ಶಿಶುಗೃಹಕ್ಕೆ ಕಳಿಸೋ ಆದೇಶಕ್ಕೆ ನಾನೂ ಸಹಿ ಹಾಕಿದೆ. ಹೆತ್ತವಳಿಗೆ ಮನಸ್ಸು ಬದಲಾಯಿಸೋಕೆ ಕಾನೂನು ಎರಡು ತಿಂಗಳು ಕೊಡುತ್ತೆ. ಆ ಎರಡು ತಿಂಗಳನ್ನೇ ಮಧ್ಯವರ್ತಿ ಕದ್ದುಬಿಟ್ಟಿದ್ದ. ಅದಕ್ಕೇ ಆ ಸಹಿ ಸರಿ ಅಂತ ನನಗೆ ಗೊತ್ತು. ಆದ್ರೂ ಆ ಹೆಂಗಸು ಅಳಲಿಲ್ಲ, ಬರೀ ಫ್ರಾಕಿನ ಗುಂಡಿ ಹಾಕಿ ಕೊಟ್ಟು ಹೋದಳು. ಅದು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಮಾವ ಅವರೇ, ನಿಮ್ಮದು ನಮ್ಮ ಸಮಿತಿ ಮಟ್ಟಕ್ಕೆ ಬರೋ ವಿಷಯವೇ ಅಲ್ಲ. ಸಂಬಂಧಿಕರ ಮನೇಲಿ ಚೆನ್ನಾಗಿರೋ ಮಗುವನ್ನು ಯಾರೂ ಎತ್ಕೊಂಡು ಹೋಗಲ್ಲ. ಆದ್ರೆ 2021ರಲ್ಲಿ ಮುಖ್ಯಮಂತ್ರಿ ಬಾಲ ಸೇವಾ ಯೋಜನೆಗೆ ಅರ್ಜಿ ಹಾಕಿದ್ರಾ? ತಿಂಗಳಿಗೆ 3,500. ಇದ್ದ ಒಬ್ಬ ಪೋಷಕರು ಕೋವಿಡ್‌ನಲ್ಲಿ ಹೋದ ಮಕ್ಕಳಿಗೆ ಕೇಂದ್ರದ ಪಿಎಂ ಕೇರ್ಸ್ ಯೋಜನೇಲಿ 23 ವರ್ಷಕ್ಕೆ 10 ಲಕ್ಷ ಇತ್ತು. ಹಾಕದೇ ಇದ್ರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಈಗಲೂ ಒಮ್ಮೆ ಕೇಳಿ.

ತುಮಕೂರು ಮಾವ

ಎರಡೂ ಬಂದಿದೆ ಅಕ್ಕ. ಆಗ ಅಂಗನವಾಡಿ ಟೀಚರ್ ಒಬ್ಬರು ಮನೆಗೇ ಬಂದು ಫಾರಂ ತುಂಬಿಸ್ಕೊಂಡು ಹೋಗಿದ್ರು. ಅದು ಸರ್ಕಾರದ್ದೇ ಅಲ್ವಾ. ಸರಿ, ಆ ಮಾತು ಸ್ವಲ್ಪ ವಾಪಸ್ ತಗೋತೀನಿ.

ಸ್ಟುಟ್‌ಗಾರ್ಟ್ ಕನ್ನಡಿಗ

ಇಲ್ಲಿ ಜರ್ಮನಿಯಲ್ಲಿ ಇದರ ಇನ್ನೊಂದು ತುದಿ ಇದೆ. ಯೂಗೆಂಡ್‌ಆಮ್ಟ್ ಅಂತ ಪ್ರತಿ ಜಿಲ್ಲೆಗೂ ದೊಡ್ಡ ಊರಿಗೂ ಮಕ್ಕಳ ಇಲಾಖೆ. ಮಗುವಿಗೆ ಅಪಾಯ ಅಂತ ಅನ್ನಿಸಿದರೆ ತಕ್ಷಣ ತಮ್ಮ ವಶಕ್ಕೆ ತಗೋಬಹುದು, ತಂದೆ ತಾಯಿ ಒಪ್ಪದಿದ್ದರೆ ಆಮೇಲೆ ಫ್ಯಾಮಿಲಿ ಕೋರ್ಟ್ ನೋಡುತ್ತೆ. ತಂದೆ ತಾಯಿ ಇಲ್ಲದ ಮಗುವಿಗೆ ಬೇರೆ ಯಾರೂ ಸಿಗದಿದ್ದರೆ ಇಲಾಖೆಯೇ ಗಾರ್ಡಿಯನ್. ಒಬ್ಬ ಅಧಿಕಾರಿ ಹೆಚ್ಚೆಂದರೆ 50 ಮಕ್ಕಳಿಗೆ ಪಾಲಕ ಅಂತ ಮಿತಿ ಹಾಕಿದ್ದಾರೆ. 50 ಮಕ್ಕಳ ಅಪ್ಪ!

ಒಂಟಿ ಅಮ್ಮ ಅವರೇ, ನಿಮಗೆ ಇದು ಹಿಡಿಸಬಹುದು. ಪಶ್ಚಿಮ ಜರ್ಮನಿಯಲ್ಲಿ ಮದುವೆಯಾಗದ ತಾಯಿಗೆ ಮಗು ಹುಟ್ಟಿದ ಕೂಡಲೇ ತಂದೆಯನ್ನು ಗುರುತಿಸೋದು, ಜೀವನಾಂಶ ಕೇಳೋದು ಇಂಥ ವಿಷಯಗಳಿಗೆ ಇಲಾಖೆ ತಾನಾಗಿಯೇ ಪಾಲಕ ಆಗ್ತಿತ್ತು. ಅದನ್ನು ತೆಗೆದುಹಾಕಿದ್ದು 1998ರಲ್ಲಿ.

ಇಲ್ಲಿನ ಭಾರತೀಯ ವಾಟ್ಸಾಪ್ ಗುಂಪುಗಳಲ್ಲಿ ಇದರದ್ದೇ ಭಯ. ಮಗು ಬಿದ್ದು ಕೈ ಮುರಿದರೂ ಆಸ್ಪತ್ರೆಯಲ್ಲಿ ಹತ್ತು ಪ್ರಶ್ನೆ. ನಾನೂ ನನ್ನ ಹೆಂಡತೀನೂ ಮಗಳು ಹುಟ್ಟಿದ ವರ್ಷವೇ ಅಡುಗೆಮನೆ ಮೇಜಿನ ಮೇಲೆ ಕೂತು, ನಮ್ಮಿಬ್ಬರಿಗೂ ಏನಾದ್ರೂ ಆದ್ರೆ ಮಗಳಿಗೆ ಮೈಸೂರಿನ ಅವಳ ಅತ್ತೆ ಗಾರ್ಡಿಯನ್ ಅಂತ ವಿಲ್ ಬರೆದ್ವಿ. ನೋಟರಿ ಹತ್ರ ಹೋಗದೆ ನಾವೇ ಬರೆದರೆ ಇಲ್ಲಿ ಅದು ಪೂರ್ತಿ ಕೈಬರಹದಲ್ಲೇ ಇರಬೇಕು, ಟೈಪ್ ಮಾಡಿ ಕೆಳಗೆ ಬರೀ ಸಹಿ ಹಾಕಿದ್ರೆ ನಡೆಯಲ್ಲ. ಭಾರತದಲ್ಲಿ ಹೀಗೆ ಬರೆಯೋಕೆ ಬರುತ್ತಾ?

ಶಿವಮೊಗ್ಗ ವಕೀಲಮ್ಮ

ಬರುತ್ತೆ! 1956ರ ಕಾಯ್ದೆ 9ನೇ ಸೆಕ್ಷನ್, ವಿಲ್ ಮೂಲಕ ಪಾಲಕರನ್ನು ನೇಮಿಸಬಹುದು. ಇಪ್ಪತ್ತು ವರ್ಷದ ವಕಾಲತ್ತಿನಲ್ಲಿ ಅಂಥ ವಿಲ್ ನಾನು ನೋಡಿರೋದು ಎರಡು. ಸೈಟು, ಒಡವೆ, ಹಸು, ಎಲ್ಲಾ ಬರೀತಾರೆ. ಮಗು ಯಾರಿಗೆ ಅಂತ ಬರೆಯೋದು ಅಪಶಕುನ.

ಹೆಸರು ಬೇಡ

ಇಲ್ಲಿ ಬರೀ ಓದೋನು ನಾನು, ಬರೆಯೋದು ಕಮ್ಮಿ. ಮಾವ ಅವರ 'ನಾನೇನು ಕಳ್ಳನಾ' ಓದಿ ನಿನ್ನೆಯಿಂದ ಸುಮ್ಮನಿರೋಕೆ ಆಗ್ಲಿಲ್ಲ.

ನಾನು ಆ ಕಡೆಯ ಮಗು. ಅಪ್ಪ ಅಮ್ಮ ಇಬ್ಬರೂ ನಾನು ಒಂಬತ್ತು ವರ್ಷದವನಿದ್ದಾಗ ಒಂದೇ ವರ್ಷದಲ್ಲಿ ಹೋದ್ರು. ಚಿಕ್ಕಪ್ಪ ಸಾಕಿದ್ರು. ಹೊಡೆದಿಲ್ಲ, ಬೈದಿಲ್ಲ, ಅವರ ಮಕ್ಕಳಿಗೆ ತಂದ ಬಟ್ಟೆನೇ ನನಗೂ. ಪಿಯುಸಿ ಓದಿಸಿದ್ರು. ನಾನು ಕಾಲೇಜು ಮುಗಿಸಿ 22ಕ್ಕೆ ಒಂದು ಸಾಲದ ಅರ್ಜಿಗೆ ಪಹಣಿ ತೆಗೆಸೋಕೆ ಹೋದಾಗ ಗೊತ್ತಾಯ್ತು. ಪಾಲುಪಟ್ಟಿಯಲ್ಲಿ ನಮ್ಮಪ್ಪನಿಗೆ ಬಂದಿದ್ದ ಎರಡು ಎಕರೆ ನಾನು ಏಳನೇ ಕ್ಲಾಸಲ್ಲಿದ್ದಾಗಲೇ ಕ್ರಯ ಆಗಿತ್ತು. ಪತ್ರದಲ್ಲಿ 'ಅಪ್ರಾಪ್ತ ವಯಸ್ಕನ ಪರವಾಗಿ ಪೋಷಕ ಚಿಕ್ಕಪ್ಪ' ಅಂತ ಸಹಿ. ಕಾರಣ, 'ಅಪ್ರಾಪ್ತನ ವಿದ್ಯಾಭ್ಯಾಸದ ಖರ್ಚಿಗಾಗಿ'. ನಾನು ಓದಿದ್ದು ಸರ್ಕಾರಿ ಶಾಲೆ.

ಕೇಳಿದೆ. 'ನಿನ್ನ ಸಾಕೋಕೆ ಖರ್ಚಾಗ್ಲಿಲ್ವೇನೋ' ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಖರ್ಚಾಗಿತ್ತು ನಿಜ. ಎಷ್ಟು ಅಂತ ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಲೆಕ್ಕ ಬರೆದಿಟ್ಟವರು ಯಾರೂ ಇಲ್ಲ.

ಆಗ ಒಬ್ಬ ವಕೀಲರ ಹತ್ರ ಹೋಗಿದ್ದೆ. '18 ತುಂಬಿದ ಮೇಲೆ ಮೂರು ವರ್ಷದೊಳಗೆ ಕೇಸ್ ಹಾಕ್ಬೇಕಿತ್ತಪ್ಪ, 21ಕ್ಕೆ ಮುಗೀತು, ಒಂದು ವರ್ಷ ತಡ ಆಯ್ತು' ಅಂದ್ರು. ವಾಪಸ್ ಬಂದೆ.

ಶಿವಮೊಗ್ಗ ವಕೀಲಮ್ಮ

ಇದನ್ನು ಬರೆಯೋಕೆ ಕಷ್ಟ ಆಗ್ತಿದೆ, ಆದ್ರೂ ಬೇರೆಯವರಿಗೆ ಉಪಯೋಗಕ್ಕೆ ಬರಲಿ ಅಂತ ಬರೀತೀನಿ.

ಆ ಮೂರು ವರ್ಷದ ಲೆಕ್ಕ ಇರೋದು ಅಧಿಕಾರ ಇರೋ ಪಾಲಕರು, ಅಂದ್ರೆ ತಂದೆ, ತಾಯಿ ಅಥವಾ ಕೋರ್ಟ್ ನೇಮಿಸಿದವರು ಅನುಮತಿ ಇಲ್ಲದೆ ಮಾರಿದಾಗ. ಆ ಕ್ರಯ ಇರುತ್ತೆ, ಮಗು ದೊಡ್ಡವನಾಗಿ ಬೇಡ ಅಂದ್ರೆ ಬೀಳುತ್ತೆ. ಚಿಕ್ಕಪ್ಪ ಆ ಪಟ್ಟಿಯಲ್ಲೇ ಇಲ್ಲ. ಡಿ ಫ್ಯಾಕ್ಟೋ ಪಾಲಕರು ಮಾಡಿದ ಕ್ರಯ ಮೊದಲಿಂದಲೇ ಶೂನ್ಯ, ಅದನ್ನು ರದ್ದು ಮಾಡಿಸೋಕೆ ಹೋಗಬೇಕಾಗಿಯೂ ಇಲ್ಲ. ಮಾದೇಗೌಡ ವಿರುದ್ಧ ಅಂಕೇಗೌಡ ಅಂತ ನಮ್ಮ ಕರ್ನಾಟಕದ್ದೇ ಕೇಸು. ಅದರಲ್ಲಿ ಸಾಕ್ತಿದ್ದ ಅಕ್ಕ ಮಾರಿದ್ದರು. ಸುಪ್ರೀಂ ಕೋರ್ಟು ಇದನ್ನೇ ಹೇಳ್ತು. ಹಾಗಿರುವಾಗ ಸ್ವಾಧೀನ ವಾಪಸ್ ಕೇಳೋಕೆ ಸಾಮಾನ್ಯವಾಗಿ 12 ವರ್ಷದ ಲೆಕ್ಕ ಹಿಡೀತಾರೆ, ಮೂರಲ್ಲ.

ನೀವು 22ಕ್ಕೆ ಹೋದಾಗ ದಾರಿ ಇತ್ತು ಅನ್ಸುತ್ತೆ. ಪತ್ರ ನೋಡದೆ ಖಚಿತವಾಗಿ ಹೇಳಬಾರದು. ಈಗ ವಯಸ್ಸೆಷ್ಟು?

ಹೆಸರು ಬೇಡ

41 ಮೇಡಂ. ಅಲ್ಲಿ ಈಗ ಬಡಾವಣೆ ಆಗಿದೆ. ಒಂದು ಮನೆ ಮುಂದೆ ನಮ್ಮಪ್ಪ ನೆಟ್ಟಿದ್ದ ಹುಣಸೆಮರ ಹಾಗೇ ಬಿಟ್ಟಿದ್ದಾರೆ.

ಹುಬ್ಬಳ್ಳಿ ಮಂದಿ

ಅಯ್ಯ. ಏನ್ ಹೇಳ್ಬೇಕೋ ತಿಳೀವಲ್ದು.

ಕುಂದಾಪ್ರ ಕಡಲು

ಮೊದಲು ನಾಲ್ಕು ಜನ ಹಿರಿಯರು ಅಂತ ಬರೆದದ್ದು ನಾನೇ. ಈಗ ಅದನ್ನು ಓದಿದ್ರೆ ಸರಿ ಕಾಣುವುದಿಲ್ಲ. ಅಳಿಸುವುದಿಲ್ಲ, ಇರಲಿ.

ವಕೀಲಮ್ಮ, ಒಂದು ಡೌಟು. ಮೈನರ್ ಮಗು ದೊಡ್ಡದಾದ ಮೇಲೆ ಕೇಸೇ ಹಾಕದೆ ಕ್ರಯ ಒಪ್ಪುವುದಿಲ್ಲ ಅನ್ನಬಹುದು ಅಂತ ಎಲ್ಲೋ ಓದಿದ ನೆನಪು. ಹೌದಾ?

ಶಿವಮೊಗ್ಗ ವಕೀಲಮ್ಮ

ಹೌದು, 2025ರ ಅಕ್ಟೋಬರಿನ ತೀರ್ಪು. ಅದೂ ನಮ್ಮ ದಾವಣಗೆರೆಯ ಶಾಮನೂರಿನದು. 1971ರಲ್ಲಿ ಅಪ್ಪ ಮೂವರು ಚಿಕ್ಕ ಮಕ್ಕಳ ಹೆಸರಲ್ಲಿ ಸೈಟು ತಗೊಂಡು, ಆಮೇಲೆ ಕೋರ್ಟಿನ ಅನುಮತಿ ಇಲ್ಲದೆ ಮಾರಿದ್ದರು. ಮಕ್ಕಳು ದೊಡ್ಡವರಾಗಿ ಅದೇ ಸೈಟನ್ನು ಬೇರೆಯವರಿಗೆ ಮಾರಿದರು. ಅಪ್ಪ ಮಾಡಿದ ಕ್ರಯವನ್ನು ತಿರಸ್ಕರಿಸೋಕೆ ದಾವೆಯೇ ಹಾಕಬೇಕಂತಿಲ್ಲ, ಹೀಗೆ ನಡವಳಿಕೆಯಿಂದಲೂ ತಿರಸ್ಕರಿಸಬಹುದು ಅಂತು ಸುಪ್ರೀಂ ಕೋರ್ಟು. ಆದ್ರೆ ಅವಧಿಯೊಳಗೆ. ಅರ್ಧ ಶತಮಾನದ ಮೇಲೆ ತೀರ್ಮಾನ ಆಯ್ತು ನೋಡಿ, ಅದೂ ಗಮನಕ್ಕಿರಲಿ.

ಸೈಟು ಕೊಳ್ಳೋರಿಗೂ ಒಂದು ಮಾತು. ಮೂಲ ಪತ್ರದಲ್ಲಿ 'ಮೈನರ್' ಅಂತ ಎಲ್ಲಾದ್ರೂ ಕಂಡ್ರೆ ಕೋರ್ಟ್ ಅನುಮತಿಯ ಪ್ರತಿ ಕೇಳಿ. ಅವಿಭಕ್ತ ಕುಟುಂಬದ ಪಾಲಾಗದ ಆಸ್ತಿಗೆ ಮಾತ್ರ ನಿಯಮ ಬೇರೆ. ಅದರ ಚರ್ಚೆ ಇಲ್ಲಿ ಬೇಡ, ಹೊಸ ಎಳೆ ಶುರುಮಾಡಿ.

ಬೆಂಗಳೂರು ಒಂಟಿ ಅಮ್ಮ

ಮಾವ ಅವರೇ, ದತ್ತು ತಗೊಂಡುಬಿಟ್ರೆ ಇಷ್ಟೆಲ್ಲ ಇಲ್ಲವಲ್ಲ? ನೀವೇ ಅಪ್ಪ ಆಗ್ತೀರಿ.

ತುಮಕೂರು ಮಾವ

ಅಮ್ಮನೂ ಹೇಳಿದ್ರು. ಪುಟ್ಟಿನ ಕೇಳ್ದೆ. 'ಆಗ ಶಾಲೆಯಲ್ಲಿ ನನ್ನ ಅಪ್ಪನ ಹೆಸರು ತೆಗೀತಾರಾ?' ಅಂದ್ಲು. ಅಲ್ಲಿಗೆ ಬಿಟ್ಟೆ.

ಅರ್ಜಿ ಹಾಕ್ತೀನಿ. 'ಹೆಸರು ಬೇಡ' ಅವರೇ, ನಿಮ್ಮ ಚಿಕ್ಕಪ್ಪ ಮಾಡಿದ್ದು ತಪ್ಪು. ಆದ್ರೆ ನಿಜ ಹೇಳ್ಲಾ? ಆ ಎಫ್‌ಡಿ ದುಡ್ಡಲ್ಲಿ ಅವಳಿಗೇ ಅಂತ ಮಹಡಿ ಮೇಲೆ ಒಂದು ರೂಂ ಹಾಕಿಸೋಣ ಅಂತ ನಾನೂ ಲೆಕ್ಕ ಹಾಕಿದ್ದೆ. ಮನೆ ಇರೋದು ನನ್ನ ಹೆಸರಲ್ಲಿ.

ಎಂಟು ತಿಂಗಳ ನಂತರ

ತುಮಕೂರು ಮಾವ

ಆರ್ಡರ್ ಆಯ್ತು. ಎರಡೂ. ಸಹಾಯ ಮಾಡಿದ ಎಲ್ಲರಿಗೂ ನಮಸ್ಕಾರ.

ನೋಟಿಸ್ ಹೋದಾಗ ದೊಡ್ಡಪ್ಪ ಎರಡು ತಿಂಗಳು ಮಾತು ಬಿಟ್ಟಿದ್ರು. ನಾನೇ ಹೋಗಿ ತೋಟದ ಮನೆ ಜಗಲಿ ಮೇಲೆ ಕೂತೆ. ಕಾಫಿ ಬಂತು, ಮಾತು ಬರಲಿಲ್ಲ. ಹೊರಡುವಾಗ, 'ನಮ್ಮ ಹುಡುಗಿಗೆ ನಾನು ಮೋಸ ಮಾಡ್ತೀನಿ ಅಂತ ಕೋರ್ಟಿಗೆ ಹೋದ್ಯಾ?' ಅಂದ್ರು. 'ನಾನೂ ಮಾಡ್ಬಾರ್ದು ಅಂತ ಹೋದೆ' ಅಂದೆ. ಆ ರೂಮಿನ ವಿಷಯ ಹೇಳ್ದೆ. ಬಹಳ ಹೊತ್ತು ನೋಡಿದ್ರು. ಆಮೇಲೆ ಕೋರ್ಟಿಗೆ ಬಂದು ತಕರಾರಿಲ್ಲ ಅಂತ ಬರೆದುಕೊಟ್ರು. ತೋಟ ಅವರೇ ನೋಡ್ಕೋತಾರೆ, ಕೊಬ್ಬರಿ ದುಡ್ಡಲ್ಲಿ ಖರ್ಚು ಕಳೆದು ಉಳಿದದ್ದು ಅವಳ ಖಾತೆಗೆ. ಬೆಂಗಳೂರಿನ ಪಾರ್ಟಿ ವಾಪಸ್ ಹೋಯ್ತು.

ಜಡ್ಜ್ ಮೇಡಂ ಪುಟ್ಟಿನ ಒಬ್ಬಳನ್ನೇ ಚೇಂಬರಿಗೆ ಕರೆದ್ರು. ಹತ್ತು ನಿಮಿಷ. ಹೊರಗೆ ಬೆಂಚಿನ ಮೇಲೆ ನಮ್ಮಮ್ಮ ಹನುಮಾನ್ ಚಾಲೀಸಾ ಹೇಳ್ತಾ ಕೂತಿದ್ರು. ಏನು ಕೇಳಿದ್ರು ಅಂದ್ರೆ, 'ಮನೇಲಿ ಯಾರ ಜೊತೆ ಜಾಸ್ತಿ ಜಗಳ ಆಡ್ತೀಯಾ ಅಂತ ಕೇಳಿದ್ರು' ಅಂದ್ಲು. ಇನ್ನೇನು ಕೇಳಿದ್ರು ಅಂದ್ರೆ, 'ಅದು ನಮ್ಮಿಬ್ಬರ ಮಧ್ಯೆ' ಅಂದ್ಲು.

ಡಿಸೆಂಬರಲ್ಲಿ ಶಾಲೆಯಿಂದ ಕೇರಳಕ್ಕೆ ಪ್ರವಾಸ ಇದೆ. ಕೋರ್ಟಿನ ವ್ಯಾಪ್ತಿ ದಾಟಿ ಕರ್ಕೊಂಡು ಹೋಗೋ ಹಾಗಿಲ್ಲ ಅಂತ ಯಾರೋ ಹೆದರಿಸಿದ್ರು. ನಿಜನಾ?

ಶಿವಮೊಗ್ಗ ವಕೀಲಮ್ಮ

ಅಭಿನಂದನೆ! 1890ರ ಕಾಯ್ದೆ 26ನೇ ಸೆಕ್ಷನ್, ಕೋರ್ಟಿನ ಒಪ್ಪಿಗೆ ಬೇಕು ಅನ್ನೋದು ನಿಜ. ಒಂದೊಂದು ಸಲಕ್ಕೂ ಬೇರೆ ಬೇರೆ ಕೇಳಬೇಕಂತಿಲ್ಲ, ಸಾಮಾನ್ಯ ಒಪ್ಪಿಗೆ ಅಂತಲೂ ಕೊಡ್ತಾರೆ. ನಿಮ್ಮ ಆರ್ಡರಿನ ಕೊನೇ ಪ್ಯಾರಾ ನೋಡಿ. ಇಲ್ಲದಿದ್ರೆ ನಿಮ್ಮ ವಕೀಲರಿಗೆ ಹೇಳಿ ಒಂದು ಅರ್ಜಿ ಹಾಕಿಸಿ. ಪ್ರವಾಸಕ್ಕೆ ಯಾವ ಜಡ್ಜೂ ಬೇಡ ಅನ್ನಲ್ಲ.

ಹಳೇ ಗುಮಾಸ್ತ

ಸಂತೋಷ. ವರ್ಷದ ಲೆಕ್ಕ ತಪ್ಪಿಸಬೇಡಿ. ತಪ್ಪಿಸಿದರೆ ದಂಡ ಎಷ್ಟು ಗೊತ್ತೇ? ನೂರು ರೂಪಾಯಿ ಮೀರದಂತೆ, ಆಮೇಲೂ ಕೊಡದಿದ್ದರೆ ದಿನಕ್ಕೆ ಹತ್ತು ರೂಪಾಯಿ ಮೀರದಂತೆ. 1890ರ ದರ ಹಾಗೆಯೇ ಇದೆ. ಆಗ ಅದು ದೊಡ್ಡ ಮೊತ್ತ. ಈಗ ಕೋರ್ಟ್ ಮುಂದಿನ ಹೋಟೆಲಿನಲ್ಲಿ ಇಬ್ಬರ ಮಸಾಲೆದೋಸೆಗೂ ಸಾಲದು.

ತುಮಕೂರು ಮಾವ

ತಪ್ಪಿಸಲ್ಲ ಸಾರ್. ನೋಟ್‌ಬುಕ್ ಇಟ್ಟಿದ್ದೀನಿ. ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಪುಟ್ಟಿನೇ ಗೆರೆ ಹಾಕಿ ಕೊಟ್ಟಿದಾಳೆ. ಒಂದು ಸಣ್ಣ ಪ್ರಶ್ನೆ. ಹೋದ ತಿಂಗಳು ಅವಳ ಹುಟ್ಟುಹಬ್ಬಕ್ಕೆ ಸೈಕಲ್ ಕೊಡಿಸ್ದೆ. ಅದನ್ನ ಎಲ್ಲಿ ಬರೀಲಿ?

ಹಳೇ ಗುಮಾಸ್ತ

ದುಡ್ಡು ಯಾರದು?

ತುಮಕೂರು ಮಾವ

ನಂದೇ.

ಹಳೇ ಗುಮಾಸ್ತ

ಹಾಗಾದರೆ ಬರೆಯುವುದು ಬೇಡ. ನಾಳೆ ಅವಳ ದುಡ್ಡಿನಲ್ಲಿ ಟೈರ್ ಬದಲಾಯಿಸಿದರೆ ರಸೀದಿ ಇಟ್ಟುಕೊಳ್ಳಿ.